ಹೊತ್ತು ಮುಳುಗಿದ ಮೇಲೆ ಒಂದು ಓವರ್

ಏಪ್ರಿಲ್ ೯, ಮಂಗಳವಾರ

ಮಗ ಎಜ್ರನ್ ಮನೆಗೆ ಬಂದ. ವ್ಯಾನಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಣ್ಣು ಮುದುಕನ ಹಾಗೆ ಒಂದೊಂದೇ ಕಾಲು ನೆಲಕ್ಕಿಟ್ಟ. ಬಗ್ಗಿ ಚೀಲ ಎತ್ತಿಕೊಳ್ಳಲಾಗಲಿಲ್ಲ. ಡ್ರೈವರೇ ಇಳಿದು ತಂದು ಮೆಟ್ಟಿಲ ಮೇಲಿಟ್ಟ.

ಬೆನ್ನಿನ ಕೆಳಗಿನ ಮೂಳೆಯಲ್ಲಿ ಬಿರುಕಂತೆ. ವರ್ಷಗಟ್ಟಲೆ ಓಡಿಬಂದು ಜೋರಾಗಿ ಚೆಂಡು ಎಸೆದೂ ಎಸೆದೂ ಆದದ್ದು. ವೆಸ್ಟ್ ಇಂಡೀಸ್ ತಂಡದವರು ಬಾರ್ಬಡೋಸಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿದ್ದಾರೆ. ಆಗಸ್ಟ್ ಬರುವವರೆಗೆ ಆಟದ ಮಾತೇ ಎತ್ತಬೇಡ, ಆಮೇಲೂ ಮೊದಲಿನಂತೆ ಆಡಬಲ್ಲೆಯೋ ಇಲ್ಲವೋ ಹೇಳಲಾರೆ ಅಂದರಂತೆ ಅವರು. ಇವನಿಗೀಗ ಇಪ್ಪತ್ತೊಂಬತ್ತು. ಆ ಆಟದಲ್ಲಿ ವೇಗವಾಗಿ ಎಸೆಯುವವರ ಮಟ್ಟಿಗೆ ಅದು ಮುಪ್ಪೇ ಎಂದು ಅವನೇ ಹೇಳಿ ನಕ್ಕ. ನಕ್ಕದ್ದಕ್ಕೇ ನೋವಾಗಿ ಸೊಂಟ ಹಿಡಿದುಕೊಂಡು ಕಣ್ಣು ಮುಚ್ಚಿದ.

ನಾನು ಒಲೆಯ ಮುಂದೆ ನಿಂತು ಕರ್ತನಿಗೆ ಸ್ತೋತ್ರ ಹೇಳಿದೆ. ಸುಳ್ಳೇಕೆ ಬರೆಯಲಿ? ಹದಿನೇಳರ ಹುಡುಗ ಶನಿವಾರದ ಸಬ್ಬತ್ ದಿನ ಚರ್ಚಿನ ಬೆಂಚು ಬಿಟ್ಟು ಮೈದಾನಕ್ಕೆ ಓಡಿದಂದಿನಿಂದ, ಆ ಆಟದ ಕೈಯಿಂದ ಅವನನ್ನು ಬಿಡಿಸಿ ನನ್ನ ಮನೆಗೂ ನಿನ್ನ ಮನೆಗೂ ತಂದುಕೊಡು ಎಂದು ಬೇಡುತ್ತ ಬಂದವಳು ನಾನು. ಲೋಕದಲ್ಲಿ ಆರು ದಿನ ಇರುವಾಗ ಕರ್ತನ ದಿನವೇ ಆಗಬೇಕೇ ಇವರಿಗೆ? ಆ ಸಿಟ್ಟಿಗೆ ಬೇರೆ ದಿನದ ಆಟವನ್ನೂ ನಾನು ಹೋಗಿ ನೋಡಿದವಳಲ್ಲ. ಈಗ ಕೇಳಿದ್ದು ಸಿಕ್ಕಿದೆ. ಹೀಗೆ ಕೊಡುತ್ತಾನೆ ಎಂದು ಮಾತ್ರ ಎಣಿಸಿರಲಿಲ್ಲ.

ದೀವಿಹಲಸು ಸುಟ್ಟು, ಮೀನು ಕರಿದು ಬಡಿಸಿದೆ. ಗೋಡೆಗೊರಗಿ ನಿಂತೇ ತಿಂದ. ಕೂತರೆ ನೋವಂತೆ.

ಏಪ್ರಿಲ್ ೧೩, ಶನಿವಾರ, ಸಬ್ಬತ್ ಮುಗಿದ ಮೇಲೆ

ಎಜ್ರನ್ ನನ್ನ ಜೊತೆ ಚರ್ಚಿಗೆ ಬಂದ. ಅವನಪ್ಪ ಸತ್ತ ಮೇಲೆ ಆ ಬೆಂಚಿನಲ್ಲಿ ನನ್ನ ಪಕ್ಕ ಗಂಡಸೊಬ್ಬ ಕೂತದ್ದು ಇವತ್ತೇ. ಸಭೆಯ ಹಿರಿಯರು ಬ್ರದರ್ ಬ್ಯಾಲೆಂಟೈನ್ ಅವನ ಕೈಯನ್ನು ತಮ್ಮ ಎರಡು ಕೈಯ ನಡುವೆ ಇಟ್ಟುಕೊಂಡು ಬಹಳ ಹೊತ್ತು ಬಿಡಲಿಲ್ಲ. ನನ್ನ ಕಣ್ಣು ತುಂಬಿ ಗೀತೆಯ ಸಾಲು ಕಾಣಲಿಲ್ಲ, ಬಾಯಿಪಾಠದಿಂದ ಹಾಡಿದೆ.

ಚರ್ಚಿಗೆ ಹೋಗುವ ದಾರಿಯಲ್ಲಿ ಲೂಷನ್‌ನ ರಮ್ ಅಂಗಡಿ. ಆಟವಿರುವ ದಿನ ಊರಿನ ಗಂಡಸರೆಲ್ಲ ಅಲ್ಲಿ, ರೇಡಿಯೋ ಮುಂದೆ. ಆದರೆ ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ನನಗೆ ಒಲೆಯೂ ಇಲ್ಲ, ಪೆನ್ನೂ ಇಲ್ಲ, ಆಟದ ಸುದ್ದಿಯೂ ಇಲ್ಲ ಎಂಬುದು ಊರಿಗೇ ಗೊತ್ತು. ನಾನು ತಿರುವಿನಲ್ಲಿ ಕಾಣಿಸಿದೊಡನೆ ಲೂಷನ್ ರೇಡಿಯೋ ಸಣ್ಣದು ಮಾಡುತ್ತಾನೆ. ಗಂಡಸರು ಮಾತು ನಿಲ್ಲಿಸಿ ಟೋಪಿ ತೆಗೆಯುತ್ತಾರೆ. ನಾನು ದಾಟಿದ ಮೇಲೆ ಮತ್ತೆ ದೊಡ್ಡದು. ಸಂಜೆ ಸೂರ್ಯ ಸಮುದ್ರಕ್ಕಿಳಿದ ಮೇಲೆ ಲೂಷನ್ ನಮ್ಮ ಬೇಲಿಯ ಹತ್ತಿರ ಬಂದು, ಹವೆಯ ಸುದ್ದಿ ಹೇಳುವವನ ಹಾಗೆ, ಎಜ್ರನ್ ಇವತ್ತು ಇಷ್ಟು ವಿಕೆಟ್ ತೆಗೆದ ಎಂದು ಹೇಳಿ ಹೋಗುತ್ತಾನೆ. ನಾನು ಕೇಳುವುದಿಲ್ಲ, ಅವನು ಹೇಳುವುದು ಬಿಡುವುದಿಲ್ಲ. ಇಷ್ಟು ವರ್ಷ ಹೀಗೇ ನಡೆದಿದೆ.

ಇವತ್ತು ಗಯಾನಾದಲ್ಲಿ ಆಟ. ಇವನಿಲ್ಲದ ಆಟ. ರೇಡಿಯೋ ಸಣ್ಣದಾಯಿತು, ಟೋಪಿಗಳು ಇಳಿದವು. ಎಜ್ರನ್‌ನ ಕಾಲು ಮಾತ್ರ ಅಲ್ಲಿಯೇ ನಿಂತಿತು. ನಾನು ತೋಳು ಹಿಡಿದು ಮುಂದೆ ಕರೆದುಕೊಂಡು ಹೋದೆ.

ಸಂಜೆ ಲೂಷನ್ ಬೇಲಿಯವರೆಗೆ ಬಂದ. ಅಂಗಳದಲ್ಲಿ ಎಜ್ರನ್‌ನನ್ನು ನೋಡಿ, ಈ ಸಲ ಮಾವು ಚೆನ್ನಾಗಿ ಬಿಟ್ಟಿದೆ ಎಂದು ಹೇಳಿ ಹಿಂದಿರುಗಿದ.

ಮೇ ೭, ಮಂಗಳವಾರ

ಆರಾರೂಟ್ ಗಂಜಿ ಕಾಯಿಸಿಕೊಟ್ಟೆ, ಜಾಯಿಕಾಯಿ ತೇದು. ಕುಡಿದ. ಮಾತಿಲ್ಲ.

ಮೇ ೮, ಬುಧವಾರ

ಗಂಜಿ. ಮಾತಿಲ್ಲ.

ಜೂನ್ ೫, ಬುಧವಾರ

ಪಕ್ಕದ ಮನೆಯ ಓಲ್ಗಾ ಮೀನಿನ ಬುಟ್ಟಿ ಇಳಿಸಿ ಅಡುಗೆಮನೆಯವರೆಗೂ ಬಂದಳು. ಅವಳ ಗಂಡ ದೋಣಿಯಲ್ಲಿ ಹೋಗಿ ಕರಿತಿಮಿಂಗಿಲ ಹೊಡೆಯುವವನು. ಅಂಗಿಯ ಜೇಬಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

"ಇಸಿಲ್ಮಾ ಅಕ್ಕಾ, ನಿನ್ನ ಗಂಜಿ ಹಸುಗೂಸಿಗೆ ಸರಿ. ಆರಡಿ ಗಂಡಸಿನ ಬೆನ್ನಿಗೆ ತಿಮಿಂಗಿಲದ ಎಣ್ಣೆ ಬೇಕು. ತಗೋ, ತಿಕ್ಕು."

ಈಜುರೆಕ್ಕೆಯೂ ಪೊರೆಯೂ ಇಲ್ಲದ್ದು ಅಶುದ್ಧ ಎಂದು ಯಾಜಕಕಾಂಡದಲ್ಲಿ ಬರೆದಿದೆ. ನಮ್ಮ ಮನೆಯೊಳಗೆ ಅದು ಈವರೆಗೆ ಬಂದದ್ದಿಲ್ಲ. ಓಲ್ಗಾಗೂ ಅದು ಗೊತ್ತು, ಗೊತ್ತಿದ್ದೇ ಇಟ್ಟು ಹೋದಳು. ಮಧ್ಯಾಹ್ನವೆಲ್ಲ ಸೀಸೆ ನನ್ನನ್ನು ನೋಡುತ್ತಿತ್ತು. ಕೊನೆಗೆ ಬೈಬಲ್ ತೆಗೆದು ಆ ಅಧ್ಯಾಯವನ್ನು ಎರಡು ಸಲ ಓದಿದೆ. ತಿನ್ನಬಾರದು ಎಂದಿದೆ. ತಿಕ್ಕಬಾರದು ಎಂದು ಎಲ್ಲಿಯೂ ಇಲ್ಲ.

ತಿಕ್ಕಿದೆ. ಅವನನ್ನು ಹೀಗೆ ಬೋರಲು ಮಲಗಿಸಿ ಎಣ್ಣೆ ಹಚ್ಚಿ ಎಷ್ಟು ಕಾಲವಾಯಿತೋ. ಆಗ ಇಡೀ ಬೆನ್ನು ನನ್ನ ಒಂದು ಅಂಗೈಯಷ್ಟಿತ್ತು. ಈಗ ಎರಡು ಕೈಗೂ ಮುಗಿಯದು. ಮನೆಯೆಲ್ಲ ಹಳಸು ನಾತ. ಅವನು ದಿಂಬಿನೊಳಗೆ ಮುಖ ಹುದುಗಿಸಿ ನಗುತ್ತಿದ್ದ. ಬಂದಂದಿನಿಂದ ಅವನು ಹಾಗೆ ನಕ್ಕಿರಲಿಲ್ಲ.

ಜುಲೈ ೧೪, ಭಾನುವಾರ

ಬ್ರದರ್ ಬ್ಯಾಲೆಂಟೈನ್ ಬಂದು ಎಜ್ರನ್ ಜೊತೆ ಮಾವಿನ ಮರದ ಕೆಳಗೆ ಕೂತು ಮಾತಾಡಿದರು. ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೋ, ಮೀನುಗಾರರ ಸಂಘದ ಐಸ್ ಕೋಣೆ ನೋಡಿಕೊಳ್ಳಲು ಜನ ಬೇಕಾಗಿದ್ದಾರೆ, ಕೂತು ಮಾಡುವ ಕೆಲಸ, ಶನಿವಾರ ರಜೆ ಎಂದರು. ಎಜ್ರನ್ ನೆಲ ನೋಡುತ್ತ ಕೇಳಿಸಿಕೊಂಡು, "ಹೂಂ ಬ್ರದರ್, ಆಗ್ಲಿ," ಅಂದ. ಅಕ್ಟೋಬರಿನ ಎರಡನೆಯ ಸಬ್ಬತ್ ಎಂದು ನಿಶ್ಚಯವಾಯಿತು, ಕೊಲ್ಲಿಯ ನೀರಿನಲ್ಲಿ.

ನಾನು ಬೇಡಿದ್ದು ಪೂರ್ತಿಯಾಗಿ ಕೈಗೆ ಬಂದ ದಿನ ಇದು. ರಾತ್ರಿಯ ಊಟಕ್ಕೆ ಕೆಸುವಿನ ಸೊಪ್ಪಿನ ಸಾರು ಮಾಡಿದೆ, ಅವನಿಗೆ ಪ್ರೀತಿ ಎಂದು. ಉಪ್ಪು ಹಾಕುವುದೇ ಮರೆತಿದ್ದೆ. ಅವನು ಏನೂ ಹೇಳದೆ ಊಟ ಮಾಡಿದ. ಉಪ್ಪಿಲ್ಲ ಎಂದು ಅವನಿಗೆ ತಿಳಿಯಲೇ ಇಲ್ಲವೋ ಏನೋ.

ಆಗಸ್ಟ್ ೨೧, ಬುಧವಾರ

ಬೆಳಿಗ್ಗೆ ಹಾಸಿಗೆ ಬರಿದಾಗಿತ್ತು. ಸಮುದ್ರದಂಡೆಗೆ ಹೋಗಿ ನೋಡಿದರೆ ಎಜ್ರನ್ ಕಪ್ಪು ಮರಳಿನಲ್ಲಿ ತೇಲಿಬಂದ ಮರದ ತುಂಡೊಂದನ್ನು ನೆಟ್ಟು ಎರಡು ಹೆಜ್ಜೆಯಿಂದ ಚೆಂಡು ಹಾಕುತ್ತಿದ್ದ. ಓಟವಿಲ್ಲ. ಎರಡೇ ಹೆಜ್ಜೆ. ಬೈಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಮುಖ ಕಂಡಿತು, ಬಾಯಿ ಮುಚ್ಚಿದೆ.

"ಎಸೀಬಹುದು ಅಂದ್ರಾ ಡಾಕ್ಟ್ರು?" ಅಂದೆ.

"ಎಸೆಯೋದಲ್ಲಮ್ಮಾ, ಬೌಲ್ ಮಾಡೋದು. ಎಸೆದ್ರೆ ನೋಬಾಲ್ ಕೊಡ್ತಾರೆ. ಹನ್ನೆರಡು ವರ್ಷದಿಂದ ಹೇಳ್ತಿದೀನಿ."

ಆಗಸ್ಟಿನಿಂದ ಮೆಲ್ಲಗೆ ಮಾಡಬಹುದು ಎಂದಿದ್ದರಂತೆ. ನನಗೆ ಹೇಳಿರಲಿಲ್ಲ. ಆಮೇಲೆ ಮರಳಿನಲ್ಲಿ ಬೆರಳಿಂದ ಗೀಚಿ ತೋರಿಸಿದ. ಮೊದಲು ಅವನ ಎಡಗಾಲು ನೆಲಕ್ಕೆ ಬೀಳುವಾಗ ಅಡ್ಡ ಬೀಳುತ್ತಿತ್ತಂತೆ. ಕಾಲು ಒಂದು ಕಡೆ, ಸೊಂಟ ಒಂದು ಕಡೆ, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಮೂಳೆ ಬಿರುಕು ಬಿಟ್ಟಿತು. ಕಾಲು ನೇರ ಬಿದ್ದರೆ ಬೆನ್ನು ಉಳಿಯುತ್ತದೆ. ಇನ್ನೊಮ್ಮೆ ಬಿರುಕು ಬಿಟ್ಟರೆ ಆಟವಲ್ಲ, ನಡಿಗೆಯೇ ಕಷ್ಟ.

"ಬೌಲ್ ಮಾಡೋವಾಗ ನನ್ನ ಕಾಲು ನನಗೆ ಕಾಣ್ಸಲ್ಲ. ಎದುರುಗಡೆ ನಿಂತ್ಕೋ. ನೇರ ಬಿತ್ತಾ, ಅಡ್ಡ ಬಿತ್ತಾ, ಅಷ್ಟ್ ಹೇಳಿದ್ರೆ ಸಾಕು."

ತೆಂಗಿನ ಗರಿಯ ಕಡ್ಡಿಯಿಂದ ಒಂದು ಗೆರೆ ಎಳೆದು ಎದುರಿಗೆ ನಿಂತೆ. ಅವನಿಗೆ ಕೆಡುಕಾಗದಿರಲಿ ಎಂದು ನಿಂತೆ, ಬೇರೇನೂ ಇಲ್ಲ. ಅಡ್ಡ ಅಂದೆ. ಅಡ್ಡ ಅಂದೆ. ನೇರ ಅಂದೆ. ಅಡ್ಡ ಅಂದೆ.

ಸೆಪ್ಟೆಂಬರ್ ೩, ಮಂಗಳವಾರ

ಎಂಟು ಹೆಜ್ಜೆಯಿಂದ. ಹೆಚ್ಚು ನೇರ, ಕೆಲವು ಅಡ್ಡ. ದಣಿದಾಗ ಅಡ್ಡ ಬೀಳುತ್ತದೆ. ದಣಿಯುವ ಮೊದಲೇ ಅವನ ಬಲಭುಜ ಒಂದಿಷ್ಟು ಇಳಿಯುತ್ತದೆ, ಅದನ್ನು ನೋಡಿ ಸಾಕು ಮನೆಗೆ ನಡಿ ಎಂದೆ. ಗೊಣಗಿದ, ಬಂದ.

ಸೆಪ್ಟೆಂಬರ್ ೧೭, ಮಂಗಳವಾರ

ಬರಿಯ ಮರದ ತುಂಡಿಗೆ ಬೌಲ್ ಮಾಡಿದರೆ ಅಳತೆ ಸಿಗುವುದಿಲ್ಲ, ಯಾರಾದರೂ ಬ್ಯಾಟ್ ಹಿಡಿದು ನಿಲ್ಲಬೇಕು ಅಂದ. ತೆಂಗಿನ ಮಟ್ಟೆಯನ್ನು ಕತ್ತಿಯಿಂದ ಕೆತ್ತಿ ಬ್ಯಾಟ್ ಮಾಡಿಕೊಟ್ಟ. ಟೆನಿಸ್ ಚೆಂಡಿಗೆ ಹೆದರುವುದೇನು ಎಂದು ನಾನೇ ನಿಂತೆ. ನಮ್ಮ ದಂಡೆಯ ಆಟದಲ್ಲಿ ಚೆಂಡು ಸಮುದ್ರಕ್ಕೆ ಹೋದರೆ ಹೊಡೆದವರು ಔಟ್. ಒಂದು ಹೊಡೆದೆ, ಸಮುದ್ರಕ್ಕೇ ಹೋಯಿತು. ಔಟ್ ಎಂದು ಅವನು ಕೈಯೆತ್ತಿದ. ತಾಯಿಗೆ ಔಟ್ ಕೊಡುವ ಮಗ ಎಂದು ಬೈದು ಬ್ಯಾಟ್ ಬಿಡಲಿಲ್ಲ.

ಓಲ್ಗಾ ಬುಟ್ಟಿ ಹೊತ್ತು ಹೋಗುತ್ತಿದ್ದವಳು ನಿಂತಳು. "ಇಷ್ಟು ವರ್ಷ ದೇವ್ರ ಹತ್ರ ಆಟ ಬಿಡ್ಸು ಆಟ ಬಿಡ್ಸು ಅಂತ ಮೊಣಕಾಲು ಸವೆಸ್ಕೊಂಡೆ. ಈಗ ನೀನೇ ಲಂಗ ಎತ್ತಿ ಕಟ್ಟಿ ಆಡಕ್ಕೆ ನಿಂತಿದ್ಯಲ್ಲಕ್ಕಾ. ಯಾರ ಮಾತು ಕೇಳ್ಬೇಕು ಅಂತ ಮೇಲಿರೋನಿಗೆ ತಲೆ ಕೆಟ್ಟಿರತ್ತೆ."

ನಾನು ಆಡುತ್ತಿಲ್ಲ, ನಿಂತಿದ್ದೇನೆ ಅಷ್ಟೇ ಎಂದು ಉತ್ತರ ಕೊಟ್ಟೆ. ಒಂದು ಚಪ್ಪಲಿ ಅಲೆಗೆ ಹೋಯಿತು.

ಸೆಪ್ಟೆಂಬರ್ ೨೬, ಗುರುವಾರ

ಲೂಷನ್‌ನ ಅಂಗಡಿಯ ಫೋನಿಗೆ ಕರೆ ಬಂದಿತ್ತು. ನಮ್ಮ ಕಡೆಯ ದ್ವೀಪಗಳ ತಂಡಕ್ಕೆ ಎಜ್ರನ್ ಬೇಕಂತೆ. ಗ್ರೆನಡಾದಲ್ಲಿ ನಾಲ್ಕು ದಿನದ ಆಟ. ಅಲ್ಲಿ ಬೆನ್ನು ತಡೆದರೆ ನವೆಂಬರಿನಲ್ಲಿ ಜಮೈಕಾದ ಟೆಸ್ಟಿಗೆ ಹೆಸರು ನೋಡುತ್ತಾರೆ. ತಡೆಯದಿದ್ದರೆ ಮತ್ತೆ ಕರೆಯುವುದಿಲ್ಲ. ಅವನ ಜಾಗದಲ್ಲಿ ಆಡುತ್ತಿರುವ ಆಂಟಿಗುವಾದ ಹುಡುಗನಿಗೆ ಇಪ್ಪತ್ತೊಂದು ವರ್ಷ.

ಆಟದ ಎರಡನೆಯ ದಿನ ಅಕ್ಟೋಬರಿನ ಎರಡನೆಯ ಸಬ್ಬತ್.

ಎಜ್ರನ್ ಒಳಗೆ ಬಂದು ನನ್ನ ಮುಂದೆ ನಿಂತ. "ಅಮ್ಮಾ, ಬ್ರದರ್‌ಗೆ ಮಾತು ಕೊಟ್ಟಿದೀನಿ. ನೀನು ಬೇಡ ಅಂದ್ರೆ ಹೋಗಲ್ಲ. ಬೇಜಾರೂ ಮಾಡ್ಕೊಳಲ್ಲ. ನಿಜವಾಗ್ಲೂ."

ನಿಜವಾಗಲೂ ಹೋಗುವುದಿಲ್ಲ ಎಂದು ಗೊತ್ತಾಯಿತು. ಬೇಡ ಎನ್ನುವ ಒಂದು ಮಾತು ನನ್ನ ಬಾಯಲ್ಲಿತ್ತು. ಪ್ರಾರ್ಥನೆ ಮಾಡಿ ಹೇಳುತ್ತೇನೆ ಅಂದೆ.

ಸೆಪ್ಟೆಂಬರ್ ೩೦, ಸೋಮವಾರ

ಪ್ರಾರ್ಥಿಸಿದೆ. ಉತ್ತರವಿಲ್ಲ.

ಅಕ್ಟೋಬರ್ ೩, ಗುರುವಾರ

ಉತ್ತರವಿಲ್ಲ. ಅವನು ಕೇಳುತ್ತಲೂ ಇಲ್ಲ. ಇವತ್ತು ದಂಡೆಗೂ ಹೋಗಲಿಲ್ಲ. ಅಂಗಳ ಗುಡಿಸಿದ, ಕೋಳಿಗೂಡು ರಿಪೇರಿ ಮಾಡಿದ, ಕೂಡದೆಂದರೂ ನೀರು ಹೊತ್ತ. ಐಸ್ ಕೋಣೆಯ ಕೆಲಸಕ್ಕೆ ಹೋಗುವವನ ಹಾಗೆ ಬೇಗ ಊಟ ಮುಗಿಸಿ ಮಲಗಿದ.

ಅಕ್ಟೋಬರ್ ೪, ಶುಕ್ರವಾರ

ಸಬ್ಬತ್ತಿಗೆ ಸಿದ್ಧತೆಯ ದಿನ. ಇಂಥ ದಿನ ನನ್ನ ಕೈ ತಾನಾಗಿ ಕೆಲಸ ಮಾಡುತ್ತದೆ. ರೊಟ್ಟಿ ಬೇಯಿಸಿ ಮುಚ್ಚಿಟ್ಟೆ, ಬಟಾಣಿ ಅನ್ನ ಮಾಡಿದೆ, ಇಬ್ಬರ ಬಟ್ಟೆಗೆ ಇಸ್ತ್ರಿ ಹಾಕಿದೆ. ಹೊತ್ತು ಮುಳುಗುವುದರೊಳಗೆ ಮನೆಯಲ್ಲಿರುವ ಜೋಡುಗಳೆಲ್ಲ ಪಾಲಿಶ್ ಆಗಿ ಕಿಟಕಿಯ ಕೆಳಗೆ ಸಾಲಾಗಿರಬೇಕು. ನನ್ನ ಅಮ್ಮನ ಕಾಲದಿಂದ ನಮ್ಮ ಮನೆಯ ಪದ್ಧತಿ ಅದು. ಕೊಳೆಯಾದ ಜೋಡು ಇರುವ ಮನೆಗೆ ಸಬ್ಬತ್ ಬರುವುದಿಲ್ಲ ಅನ್ನುತ್ತಿದ್ದಳು ಅವಳು.

ನನ್ನ ಕಂದು ಬಣ್ಣದ್ದು ಮುಗಿಸಿದೆ. ಅವನ ಕರಿ ಜೋಡು ಮುಗಿಸಿದೆ. ಮಂಚದ ಕೆಳಗೆ ಇನ್ನೊಂದು ಜೊತೆ ಇತ್ತು. ಬೌಲಿಂಗ್ ಬೂಟು, ಏಪ್ರಿಲಿನಿಂದ ಕಟ್ಟಿಯೇ ಇಟ್ಟದ್ದು, ಹಿಮ್ಮಡಿಯಲ್ಲಿ ಬಾರ್ಬಡೋಸಿನ ಮಣ್ಣು ಇನ್ನೂ ಅಂಟಿಕೊಂಡಿತ್ತು. ಚಾಕುವಿನಿಂದ ಮಣ್ಣು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಬಿಳಿ ಸುಣ್ಣದ ಪಾಲಿಶ್ ಹಚ್ಚಿ ಎರಡು ಕೈ ಕೊಟ್ಟೆ. ಎಡಗಾಲಿನ ತುದಿ ಸವೆದು ತೂತಾಗುವುದರಲ್ಲಿತ್ತು, ಒಳಗಿನಿಂದ ಚರ್ಮದ ತುಂಡು ಇಟ್ಟು ಹೊಲಿದೆ. ಲೇಸು ಒಗೆದೆ. ಎಲ್ಲವನ್ನೂ ಸಾಲಾಗಿ ಕಿಟಕಿಯ ಕೆಳಗೆ ಇಟ್ಟೆ. ಮನೆಯಲ್ಲಿರುವ ಜೋಡು ಎಂದ ಮೇಲೆ ಎಲ್ಲವೂ ಜೋಡೇ.

ಎಜ್ರನ್ ಸ್ನಾನ ಮಾಡಿ ಬಂದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಂದು ನನ್ನ ನೆತ್ತಿಯ ಮೇಲೆ ಗದ್ದ ಊರಿದ. ಅಷ್ಟು ಬಗ್ಗಲು ಈಗ ಬೆನ್ನು ಬಿಡುತ್ತದೆ ಎಂದುಕೊಂಡೆ. ಹೊತ್ತು ಮುಳುಗಿತು, ಇಬ್ಬರೂ ಕೂತು ಗೀತೆ ಹಾಡಿದೆವು. ಇನ್ನೂ ಬೆಳಕಿರುವಾಗಲೇ ಇದನ್ನು ಬರೆದು ಮುಗಿಸಬೇಕಿತ್ತು, ಎರಡು ಸಾಲು ಹೆಚ್ಚಾಯಿತು. ಕರ್ತನು ಕ್ಷಮಿಸಲಿ.

ಅಕ್ಟೋಬರ್ ೬, ಭಾನುವಾರ

ಎಜ್ರನ್ ಬೆಳಗಿನ ವ್ಯಾನಿಗೆ ಹೋದ. ಬ್ರದರ್ ಬ್ಯಾಲೆಂಟೈನ್ ಬಂದು ಮೆಟ್ಟಿಲ ಮೇಲೆ ಕೂತರು. ನಾನೇ ಮೊದಲು ಮಾತೆತ್ತಿದೆ, "ಸಮುದ್ರ ಎಲ್ಲಿಗೂ ಹೋಗಲ್ಲ ಬ್ರದರ್. ಸ್ನಾನ ಆಮೇಲೂ ಮಾಡಿಸ್ಬಹುದು."

"ಸಮುದ್ರ ಹೋಗಲ್ಲ ಸಿಸ್ಟರ್," ಅಂದರು. "ಹೋಗೋರು ನಾವು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಂಬೆ ಶರಬತ್ತು ಮಾಡಿಕೊಟ್ಟೆ, ಕುಡಿದು ಹೋದರು.

ಅಕ್ಟೋಬರ್ ೧೨, ಶನಿವಾರ, ಸಬ್ಬತ್ ಮುಗಿದ ಮೇಲೆ

ಬೆಂಚಿನಲ್ಲಿ ನನ್ನ ಪಕ್ಕ ಖಾಲಿ. ಇವತ್ತು ಮಳೆ, ಅಲೆ ಎತ್ತರ. ಈ ನೀರಿನಲ್ಲಿ ಹೇಗೂ ಸ್ನಾನ ಮಾಡಿಸಲು ಆಗುತ್ತಿರಲಿಲ್ಲ.

ಸಂಜೆ ಲೂಷನ್ ಕೊಡೆ ಹಿಡಿದು ಬೇಲಿಗೆ ಬಂದ. ನಾಲ್ಕು ವಿಕೆಟ್ ಎಂದ. ಬೆನ್ನು ಹೇಗಿದೆಯಂತೆ ಎಂದೆ. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಇದೇ ಮೊದಲು ಎಂದು ಅವನು ಊರೆಲ್ಲ ಹೇಳಿಕೊಂಡು ಬಂದನಂತೆ. ಗಂಡಸರಿಗೆ ಮಾತಾಡಲು ಏನಾದರೂ ಬೇಕು.

ನವೆಂಬರ್ ೧೦, ಭಾನುವಾರ

ಜಮೈಕಾಕ್ಕೆ ಎಜ್ರನ್‌ನ ಹೆಸರು ಬಂದಿದೆ. ಆಂಟಿಗುವಾದ ಹುಡುಗನನ್ನು ಬಿಟ್ಟಿಲ್ಲ, ಇನ್ನೊಬ್ಬನನ್ನು ಬಿಟ್ಟರು. ಆ ಇನ್ನೊಬ್ಬನ ತಾಯಿ ಇವತ್ತು ಏನು ಅಡುಗೆ ಮಾಡಿದಳೋ.

ಆಟದ ಮೊದಲ ದಿನವೇ ಶನಿವಾರ.

ನವೆಂಬರ್ ೧೯, ಮಂಗಳವಾರ

ಉಪ್ಪು ತರಲು ಅಂಗಡಿಗೆ ಹೋಗಿದ್ದೆ. ಎಜ್ರನ್‌ಗೆ ಬ್ಯಾಟಿನ ಹಿಂದೆ ಕ್ಯಾಚು ಹಿಡಿಯಲು ಎರಡು ಸ್ಲಿಪ್ ಸಾಕು ಎಂದು ಲೂಷನ್ ವಾದ ಮಾಡುತ್ತಿದ್ದ. ಕಾಲು ನೇರ ಬೀಳಲು ಶುರುವಾದ ಮೇಲೆ ಅವನ ಚೆಂಡು ಕೊನೆಯಲ್ಲಿ ಹೊರಕ್ಕೆ ಬಾಗುತ್ತದೆ, ಮೂರು ಬೇಕು ಎಂದು ಹೇಳಿ ಬಂದೆ. ಉಪ್ಪು ತರುವುದು ಮರೆತೆ.

ನವೆಂಬರ್ ೨೯, ಶುಕ್ರವಾರ

ಒಬ್ಬಳಿಗೇ ಎಷ್ಟು ಅಡುಗೆ? ಒಂದು ಜೊತೆ ಜೋಡು ಪಾಲಿಶ್ ಮಾಡಿದೆ, ಸಾಲೇ ಆಗಲಿಲ್ಲ.

ಪ್ರಾರ್ಥನೆಗೆ ಕೂತೆ. ಕರ್ತನೇ, ಅವನ ಎಡಗಾಲು ಎಂದೆ. ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ಆಮೆನ್ ಹೇಳಿ ಎದ್ದೆ. ಸೂರ್ಯ ಇನ್ನೊಂದು ಮಾರು ಮೇಲಿದ್ದಾನೆ, ಪೆನ್ನು ಮುಚ್ಚುತ್ತೇನೆ.

ನವೆಂಬರ್ ೩೦, ಶನಿವಾರ, ಸಬ್ಬತ್ ಮುಗಿದ ಮೇಲೆ

ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಚರ್ಚಿಗೆ ಹೋಗುವಾಗ ಎಲ್ಲ ಎಂದಿನಂತೆಯೇ ಇತ್ತು. ರೇಡಿಯೋ ಸಣ್ಣದು, ಟೋಪಿಗಳು ಕೈಯಲ್ಲಿ. ಆಟ ಇನ್ನೂ ಶುರುವಾಗಿರಲಿಲ್ಲ. ಬ್ರದರ್ ಬ್ಯಾಲೆಂಟೈನ್ ಪ್ರಸಂಗ ಮಾಡುತ್ತಿರುವಾಗ ಅಂಗಡಿಯ ಕಡೆಯಿಂದ ಒಂದು ಕೂಗು ಬಂತು. ಎಲ್ಲ ಗಂಡಸರೂ ಒಟ್ಟಿಗೆ ಕೂಗಿದ್ದು. ಬಂದಷ್ಟೇ ಬೇಗ, ಯಾರೋ ಬಾಯಿ ಮುಚ್ಚಿದ ಹಾಗೆ ಅರ್ಧಕ್ಕೆ ಕಡಿದುಹೋಯಿತು. ಆಮೇಲೆ ಏನೂ ಇಲ್ಲ. ಬ್ರದರ್ ಒಂದು ಗಳಿಗೆ ತಡೆದು ಮುಂದುವರಿಸಿದರು. ಅವರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ.

ಹಿಂದಿರುಗುವಾಗ ಅಂಗಡಿಯ ಬಾಗಿಲು ಹಾಕಿತ್ತು. ಆಟದ ದಿನ, ಶನಿವಾರ ಮಧ್ಯಾಹ್ನ, ಲೂಷನ್‌ನ ಅಂಗಡಿ ಮುಚ್ಚಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ರಸ್ತೆಯಲ್ಲಿ ಒಬ್ಬ ಗಂಡಸಿಲ್ಲ. ಓಲ್ಗಾ ಬಾಗಿಲಲ್ಲಿದ್ದಳು. ಎಜ್ರನ್ ಹುಷಾರಾಗಿದ್ದಾನೆಯೇ, ಅಷ್ಟೇ ಹೇಳು, ಬೇರೇನೂ ಬೇಡ ಎಂದೆ. ಅವಳು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ನಮ್ಮ ಮನೆಯ ಹಿಂದಕ್ಕೆ ನಡೆದೆ. ಹಿತ್ತಲ ಬಂಡೆಯ ಮೇಲೆ ಕೂತೆ. ಅಲ್ಲಿಂದ ಕೊಲ್ಲಿ ಪೂರ್ತಿ ಕಾಣುತ್ತದೆ. ದೂರದಲ್ಲಿ ಓಲ್ಗಾಳ ಗಂಡನ ದೋಣಿ. ಅದರ ತುಂಬ ಜನ. ಬಲೆಯಿಲ್ಲ, ಹುಟ್ಟು ಹಾಕುತ್ತಿಲ್ಲ. ತಲೆಗೆ ತಲೆ ಕೂಡಿಸಿ ಕೂತಿದ್ದಾರೆ. ಲೂಷನ್‌ನ ಕೆಂಪು ಅಂಗಿ ಗುರುತು ಸಿಕ್ಕಿತು.

ಹಿಂದೆ ಒಂದು ಸಲ ನಮ್ಮ ಗಂಡಸರು ಹೀಗೆ ದೋಣಿಯಲ್ಲಿ ಕೂತದ್ದು ನನಗೆ ಗೊತ್ತಿದೆ. ಮಿಸ್ ಅಮೀಲಿಯಾಳ ಮಗ ಮುಳುಗಿದ ದಿನ. ತಾಯಿಗೆ ಯಾರು ಹೋಗಿ ಹೇಳುವುದು ಎಂದು ತೀರ್ಮಾನವಾಗುವವರೆಗೆ ಅವರು ದಡಕ್ಕೆ ಬರಲಿಲ್ಲ.

ಕಾಲು ಅಡ್ಡ ಬಿದ್ದಿದೆ ಎಂದುಕೊಂಡೆ. ಬೆನ್ನು ಮುರಿದಿದೆ. ಮೈದಾನದಿಂದ ಹೊತ್ತುಕೊಂಡು ಹೋಗಿದ್ದಾರೆ. ನನ್ನ ಸಬ್ಬತ್ ಕೆಡದಿರಲಿ ಎಂದು ಇವರು ಹೊತ್ತು ಮುಳುಗಲು ಕಾಯುತ್ತಿದ್ದಾರೆ. ಎದ್ದು ಹೋಗಿ ದಂಡೆಯಿಂದ ಕೂಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳುವವರೆಗೆ ಅವನು ಓಡಿಬಂದು ಬೌಲ್ ಮಾಡುತ್ತಲೇ ಇರುತ್ತಾನೆ ಅನ್ನಿಸಿತು. ಕೀರ್ತನೆಗಳನ್ನು ತೆರೆದು ಮಡಿಲಲ್ಲಿಟ್ಟುಕೊಂಡೆ, ಒಂದು ಪುಟವೂ ತಿರುವಲಿಲ್ಲ.

ಸೂರ್ಯ ಇಳಿಯುವುದಕ್ಕೆ ಅಷ್ಟು ಹೊತ್ತು ತೆಗೆದುಕೊಂಡದ್ದು ನಾನು ಕಂಡಿಲ್ಲ. ಅಂಚು ನೀರಿಗೆ ತಾಗಿದಾಗ ಎದ್ದು ದಂಡೆಗೆ ಹೋದೆ. ಪೂರ್ತಿ ಮುಳುಗಿದ ಮೇಲೆ ಸಬ್ಬತ್ ಮುಗಿಸುವ ಗೀತೆ ಹಾಡಿದೆ. ಒಬ್ಬಳೇ ಹಾಡಿದೆ, ಎಲ್ಲ ಚರಣ ಹಾಡಿದೆ, ಒಂದನ್ನೂ ಬಿಡಲಿಲ್ಲ. ಅಷ್ಟರಲ್ಲಿ ದೋಣಿ ಇತ್ತ ಬರುತ್ತಿತ್ತು. ಸಬ್ಬತ್ತಿನ ಜೋಡಿನಲ್ಲೇ ಮೊಣಕಾಲುದ್ದ ನೀರಿಗೆ ಇಳಿದು ನಿಂತೆ.

ಲೂಷನ್ ದೋಣಿಯ ಮುಂದೆ ಕೂತಿದ್ದ. ತೊಡೆಯ ಮೇಲೆ ಅಂಗಡಿಯ ರೇಡಿಯೋ, ಅದರ ಮೇಲೆ ಅವನ ಟೋಪಿ ಮುಚ್ಚಿತ್ತು.

"ಮಿಸ್ ಇಸಿಲ್ಮಾ, ಸೂರ್ಯ ಪೂರ್ತಿ ಮುಳುಗಿದ್ನಾ? ನೀವೇ ಹೇಳ್ಬೇಕು."

"ಮುಳುಗಿದ. ಹೇಳು. ಅವನು ಬದುಕಿದಾನಾ?"

ಅವನ ಬಾಯಿ ತೆರೆದುಕೊಂಡಿತು. ದೋಣಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಎಲ್ಲರೂ ಒಟ್ಟಿಗೆ ಹೇಳತೊಡಗಿದರು, ನನಗೆ ತಿಳಿಯಲು ಹೊತ್ತು ಹಿಡಿಯಿತು. ಬೆಳಿಗ್ಗೆ ಎಜ್ರನ್ ಮೊದಲನೆಯ ಓವರಿನಲ್ಲೇ ವಿಕೆಟ್ ತೆಗೆದನಂತೆ. ಮೂರನೆಯ ಸ್ಲಿಪ್‌ನಲ್ಲಿ ಕ್ಯಾಚು. ಇವರು ತಡೆಯಲಾರದೆ ಕೂಗಿದರು. ಲೂಷನ್‌ನ ಹೆಂಡತಿ ಪೊರಕೆ ಹಿಡಿದು ಬಂದು, ಆ ತಾಯಿ ಅಲ್ಲಿ ಪ್ರಾರ್ಥನೆಗೆ ಕೂತಿದ್ದಾಳೆ, ನಿಮಗೆ ಕೂಗಲೇಬೇಕಿದ್ದರೆ ಸಮುದ್ರದಲ್ಲಿ ಕೂಗಿಕೊಳ್ಳಿ ಎಂದು ಅಂಗಡಿಯಿಂದ ಹೊರಗೆ ಹಾಕಿ ಬೀಗ ಜಡಿದಳು. ಅದಕ್ಕೇ ರೇಡಿಯೋ ಹೊತ್ತುಕೊಂಡು ದೋಣಿ ಹತ್ತಿದರು, ಕೂಗು ದಡಕ್ಕೆ ಕೇಳಿಸದಷ್ಟು ದೂರಕ್ಕೆ ಹೋದರು. ದಿನವಿಡೀ ಬಿಸಿಲಲ್ಲಿ ಕೂತರು. ಓಲ್ಗಾ ಬಾಯಿ ಬಿಡುವುದಿಲ್ಲ ಎಂದು ಗಂಡನ ತಲೆ ಮುಟ್ಟಿ ಆಣೆ ಮಾಡಿದ್ದಳು.

ಹಿಂದಿನಿಂದ ಮರಳಿನ ಮೇಲೆ ಹೆಜ್ಜೆ ಕೇಳಿತು. ಬ್ರದರ್ ಬ್ಯಾಲೆಂಟೈನ್, ಕಂಕುಳಲ್ಲಿ ಬೈಬಲ್. "ಹೊತ್ತು ಮುಳುಗಿತಲ್ಲ," ಅಂದರು, ಯಾರನ್ನೂ ನೋಡದೆ. "ಎಷ್ಟು ವಿಕೆಟ್?"

"ಮೂರು ಬ್ರದರ್," ಅಂದ ಲೂಷನ್. "ಆದ್ರೆ ಆಟ ಮುಗಿದಿಲ್ಲ. ಜಮೈಕಾ ಪಶ್ಚಿಮಕ್ಕಿದೆ, ಅಲ್ಲಿನ್ನೂ ಬಿಸಿಲಿದೆ." ಟೋಪಿ ತೆಗೆದು ರೇಡಿಯೋ ನನ್ನ ಕಡೆ ತಿರುಗಿಸಿದ. "ಕೊನೇ ಓವರ್. ಚೆಂಡು ಅವನ ಕೈಯಲ್ಲಿದೆ."

ನಮ್ಮಲ್ಲಿ ಸಬ್ಬತ್ ಮುಗಿದಿತ್ತು. ಅಲ್ಲಿ ಶನಿವಾರದ ಬಿಸಿಲಿನಲ್ಲಿ ನನ್ನ ಮಗ ನಿಂತಿದ್ದ. ಅಷ್ಟು ವರ್ಷ ಅವನ ಶನಿವಾರಕ್ಕೆ ನಾನು ಬಾಗಿಲು ಹಾಕಿದ್ದೆ. ಒಂದು ಓವರಿನಷ್ಟು ಸಂದು ಕರ್ತನೇ ಬಿಟ್ಟುಕೊಟ್ಟಿದ್ದ.

ರೇಡಿಯೋದವನು ಎಜ್ರನ್‌ನನ್ನು ಮನೆತನದ ಹೆಸರಿನಿಂದ ಕರೆಯುತ್ತ, ಅವಸರವಿಲ್ಲದೆ ಹೇಳುತ್ತಿದ್ದ. ಬೆಟ್ಟದ ಕಡೆಯ ತುದಿಯಿಂದ ಡೆಲ್‌ಪೆಶ್, ನೆರಳು ಉದ್ದವಾಗಿದೆ, ಓಡಿ ಬರುತ್ತಿದ್ದಾನೆ. ನನ್ನ ಕಣ್ಣು ತಾನಾಗಿ ಮರಳಿಗೆ ಹೋಯಿತು. ಅಲ್ಲಿ ಗೆರೆ ಇರಲಿಲ್ಲ, ಅಲೆ ಎಂದೋ ಒರೆಸಿತ್ತು. ಆದರೂ ನೋಡಿದೆ. ಪ್ರತಿ ಚೆಂಡಿಗೂ ಕಾಲು ಎಲ್ಲಿ ಬಿತ್ತೆಂದು ನನಗೆ ಕಂಡಿತು. ಆಂಟಿಗುವಾದ ಹುಡುಗ ದೂರದಿಂದ ಓಡಿ ಒಂದು ಬೌಂಡರಿ ತಡೆದ, ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಕೊನೆಯ ಚೆಂಡು ಬ್ಯಾಟಿನ ಅಂಚಿನ ಪಕ್ಕದಲ್ಲೇ ಹಾದು ಹೋಯಿತು. ವಿಕೆಟ್ ಬೀಳಲಿಲ್ಲ. ದಿನದ ಆಟ ಮುಗಿಯಿತು. ದೋಣಿಯಲ್ಲಿ ಯಾರೂ ಕೂಗಲಿಲ್ಲ, ಈಗ ಕೂಗಬಹುದಿದ್ದರೂ.

ಎಲ್ಲರೂ ನನ್ನನ್ನು ಮುಂದೆ ಬಿಟ್ಟುಕೊಂಡು ಮೇಲೆ ಬಂದರು. ಓಲ್ಗಾ ನನ್ನ ಒದ್ದೆ ಜೋಡು ಕೈಯಲ್ಲಿ ಹಿಡಿದು ನಡೆದಳು. ಲೂಷನ್‌ನ ಹೆಂಡತಿ ಬೀಗ ತೆಗೆದಾಗಲೇ ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು.

"ಅಮ್ಮಾ? ಅಲ್ಲಿ ಸಬ್ಬತ್ ಮುಗೀತಾ?"

"ಮುಗೀತು. ಕೊನೇ ಓವರ್ ಕೇಳ್ದೆ."

ತಾನೂ ಮಾತಾಡಬೇಕೆಂದು ಲೂಷನ್ ಕೈ ಚಾಚಿದ, ನಾನು ಕೊಡಲಿಲ್ಲ.

"ಹೇಗ್ ಬಿತ್ತು ಕಾಲು?" ಎಂದು ಕೇಳಿದ ಎಜ್ರನ್.

"ನೇರ," ಅಂದೆ.